ಹೊನಗೊನ್ನೆ ಸೊಪ್ಪು, ಲೇಬಲ್ ಕಿತ್ತ ಬಾಟಲಿ

ಪತ್ರಿಕೆಯ ಮಡಿಕೆ ಬಿಚ್ಚುವ ಮೊದಲೇ ಪ್ರಶ್ನೆ ಬರುತ್ತಿತ್ತು.

"ಏನ್ ಸಾ, ಇವತ್ತು ಏನ್ ತಿನ್ಬಾರ್ದಂತೆ?"

ಕೇಳುತ್ತಿದ್ದವರು ಹಳೇಕೋಟೆ ಕಡೆಯ ಒಬ್ಬ ಗೌಡರು. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಅಪ್ಪನ ದಿನಸಿ ಅಂಗಡಿ ಇತ್ತು. ಊರಿಗೆ ಬಂದ ದಿನವೆಲ್ಲ ಗೌಡರು ಅಂಗಡಿಯ ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಮೈಸೂರಿನ ರೈಲಿನಲ್ಲಿ ಬರುವ ಪತ್ರಿಕೆಗೆ ಕಾಯುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ನನಗೆ ಓದುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ ಮನೆಗೆ ಬಂದು ಕೂತಿದ್ದ ಕಾಲ ಅದು. ಇಸವಿ ಮೂವತ್ತೆಂಟೋ ಮೂವತ್ತೊಂಬತ್ತೋ ಇರಬೇಕು. ಯುದ್ಧ ಶುರುವಾಗಿತ್ತೆಂದು ನನ್ನ ನೆನಪು. ಸೀಮೆಎಣ್ಣೆ, ಸಕ್ಕರೆ ಕೇಳಿದಷ್ಟು ಸಿಗುತ್ತಿತ್ತೆಂದೂ ನೆನಪು. ಎರಡೂ ಒಟ್ಟಿಗೆ ನಿಜವಾಗಿರುವುದು ಕಷ್ಟ. ಆದ್ದರಿಂದ ಇಸವಿಯ ತಂಟೆಗೆ ಹೋಗುವುದಿಲ್ಲ.

ಆಗ ಪತ್ರಿಕೆಯಲ್ಲಿ ಆರೋಗ್ಯದ ಸುದ್ದಿಗೆ ಒಂದು ಮೂಲೆ ಇರುತ್ತಿತ್ತು. ಜಗಲಿಯವರಿಗೆ ಅದೇ ಬೇಕು. ಚಳಿಜ್ವರ ಸೊಳ್ಳೆಯಿಂದ ಬರುವುದೆಂದು ಓದಿದ ದಿನ ಗೌಡರು ಸ್ವಲ್ಪ ಯೋಚಿಸಿ, "ನಮ್ಮೂರಾಗೆ ಸೊಳ್ಳೆ ಕಚ್ದೆ ಇರೋನ್ನ ಒಬ್ಬನ್ನ ತೋರ್ಸಿ ಸಾ. ಜ್ವರ ಬರ್ದೆ ಇರೋರು ಅರ್ಧ ಊರು ಅವ್ರೆ. ಆ ಅರ್ಧಕ್ಕೆ ಕಚ್ಚಿದ್ದು ಯಾವ ಸೊಳ್ಳೆ?" ಎಂದರು. ಮೂರು ವರ್ಷ ವಿಜ್ಞಾನ ಓದಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಮಿಲ್ಲಿನಲ್ಲಿ ತೌಡು ಹೋದ ಅಕ್ಕಿಯಲ್ಲಿ ಸತ್ವ ಇಲ್ಲವೆಂದು ಓದಿದ ದಿನ ಮಾತಾಡಿದವರು ಅಪ್ಪ.

"ಲೇ, ಮಿಲ್ ಅಕ್ಕಿ ಮೂಟೆ ಮೇಲೆ ಕೂತ್ಕಂಡು ಮಿಲ್ ಅಕ್ಕಿನ ಬಯ್ಯೋನ್ನ ಲೋಕದಾಗೆ ನಿನ್ನೊಬ್ಬನ್ನೇ ಕಂಡಿದ್ದು. ಓದ್ಲೇಬೇಕು ಅಂದ್ರೆ ಎದ್ದು ಆ ರಾಗಿ ಮೂಟೆ ಮೇಲೆ ಕೂತ್ಕ."

ನಾನು ಎದ್ದು ಕೂತೆ. ಹಾಗಂತ ಪತ್ರಿಕೆಯನ್ನು ನಾನೇನೂ ನಂಬುತ್ತಿರಲಿಲ್ಲ. ಹಿಂದಿನ ವಾರ ಒಳ್ಳೆಯದೆಂದದ್ದನ್ನು ಮುಂದಿನ ವಾರ ಕೆಟ್ಟದ್ದೆಂದರೆ ಎರಡನ್ನೂ ಅಷ್ಟೇ ಗಂಭೀರವಾಗಿ ಓದಿ, ಕೊನೆಗೆ ನಕ್ಕುಬಿಡುತ್ತಿದ್ದೆ. ಎಷ್ಟು ಇಲಿಗೆ ತಿನ್ನಿಸಿದರು, ಯಾವ ಇಲಿ, ತಿನ್ನಿಸದ ಇಲಿಯ ಗತಿ ಏನಾಯಿತು ಎಂದು ಪತ್ರಿಕೆಯವರನ್ನು ಜಗಲಿಯಿಂದಲೇ ಕೇಳುತ್ತಿದ್ದೆ. ನಗುವುದು ಸುಲಭ. ಎರಡು ಮೂರು ದಿನ ಕಳೆದ ಮೇಲೆ ಅಪ್ಪ ಆ ಪತ್ರಿಕೆಯನ್ನು ಹರಿದು ಪೊಟ್ಟಣ ಕಟ್ಟುತ್ತಿದ್ದರು. ಲೋಕದ ಸಂಶೋಧನೆಯೆಲ್ಲ ಹೀಗೆ ಮೆಣಸಿನಕಾಯಿ, ಹುರಿಗಡಲೆ ಸುತ್ತಿಕೊಂಡು ಸುತ್ತಮುತ್ತಲ ಹಳ್ಳಿಗೆ ಹೋಗುತ್ತಿತ್ತು.

ಆ ವರ್ಷ ಅಕ್ಕ ಬಾಣಂತನಕ್ಕೆ ತವರಿಗೆ ಬಂದಳು. ಅವಳನ್ನು ಕೊಟ್ಟಿದ್ದು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರದ ಮನೆಗೆ. ದೊಡ್ಡ ಮನೆ, ದೊಡ್ಡ ಹೆಸರು. ಆ ಮನೆಯಲ್ಲಿ ಮುದ್ದೆ ಆಳುಗಳಿಗೆ, ಸೊಪ್ಪು ದನಕ್ಕೆ ಮತ್ತು ಬಡವರಿಗೆ. ಮನೆಯವರಿಗೆ ಮಲ್ಲಿಗೆ ಹೂವಿನಂಥ ಮಿಲ್ ಅಕ್ಕಿ ಅನ್ನ, ಮೆಣಸಿನ ಸಾರು, ಕಾಯಿ ಚಟ್ನಿ. ಹಾಲು, ತುಪ್ಪ ಗಂಡಸರ ಪಂಕ್ತಿಯಲ್ಲೇ ಮುಗಿಯುತ್ತಿತ್ತು. ಹೆಂಗಸರು ಕೊನೆಯ ಪಂಕ್ತಿ. ಇದನ್ನೆಲ್ಲ ಅಕ್ಕ ದೂರಾಗಿ ಹೇಳಿದ್ದಲ್ಲ, ಹೆಮ್ಮೆಯಿಂದಲೇ ಹೇಳಿದ್ದು. ನಮ್ಮ ಮನೆಗೆ ಬಂದ ಮೇಲೆ ಅವ್ವ ತುಪ್ಪ ಬಡಿಸಲು ಬಂದರೆ ಅವಳಿಗೆ ವಾಸನೆಗೇ ಓಕರಿಕೆ. ಹಾಲೂ ಸೇರದು. ಸೊಪ್ಪನ್ನು ಅವ್ವನೇ ಬಿಡಿಸಿದ್ದಳು. ಬಸುರಿಗೆ ಸೊಪ್ಪು ವಾಯು ಎಂಬುದು ಅವಳ ಪಥ್ಯ. ಹೀಗಾಗಿ ತವರಿನಲ್ಲೂ ಅದೇ ಬಿಳಿ ಅನ್ನ, ಅದೇ ಮೆಣಸಿನ ಸಾರು.

ಒಂದು ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕೂತಿದ್ದೆವು. ಅಪ್ಪ ನೀರು ಕೇಳಿದರು. ಅಕ್ಕ ಚೊಂಬು ತಂದು, ಬಗ್ಗಿ, ಲೋಟದಿಂದ ಒಂದು ಗೇಣು ಆಚೆಗೆ, ನೆಲಕ್ಕೆ, ಬಹಳ ಜಾಗರೂಕತೆಯಿಂದ ನೀರು ಬಗ್ಗಿಸಿದಳು. "ನಿನ್ ಗ್ಯಾನ ಎಲ್ಲೈತವ್ವ?" ಎಂದು ಅಪ್ಪ ನಕ್ಕರು. ಅವ್ವ ಒರೆಸಿದಳು. ಬಸುರಿಯರ ಮರೆವು ಎಂದು ಮಾತು ಅಲ್ಲಿಗೆ ನಿಂತಿತು.

ನನಗೆ ನಿಲ್ಲಲಿಲ್ಲ. ಅಕ್ಕ ಈಚೆಗೆ ಹೊತ್ತು ಇಳಿಯುವುದರೊಳಗೆ ಎಲ್ಲ ಕೆಲಸ ಮುಗಿಸಿ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು. ನಾನು ಅದನ್ನು ಸೋಮಾರಿತನವೆಂದು ಛೇಡಿಸಿದ್ದೆ. ಮಾರನೆಯ ದಿನ ಮುಸ್ಸಂಜೆ ಹಿತ್ತಲಲ್ಲಿ ಅವಳ ಎದುರು ನಿಂತು ಕೇಳಿದೆ.

"ಅಕ್ಕ, ಎಷ್ಟು ಬೆರಳು?"

"ಮೂರು."

"ನಾನು ಕೈಯೇ ಎತ್ತಿಲ್ಲ."

ಅವಳು ಅಡಿಗೆಮನೆಯ ಕಡೆ ಕಿವಿಗೊಟ್ಟು, ದನಿ ತಗ್ಗಿಸಿ, "ಒಂದು ತಿಂಗಳ ಮೇಲಾಯ್ತು ಕಣೋ. ಹಗಲೊತ್ತು ಎಲ್ಲ ನೆಟ್ಟಗೆ ಕಾಣುತ್ತೆ. ಹೊತ್ತು ಮುಳುಗಿದ್ರೆ ಕಂಬಳಿ ಮುಚ್ಚಿದ ಹಂಗೆ. ಅವ್ವಂಗೆ ಹೇಳ್ಬೇಡ," ಎಂದಳು.

"ಯಾಕೆ? ಡಾಕ್ಟರಿಗೆ ತೋರಿಸೋಣ."

"ನೀನೊಬ್ಬ. ಅವರ ಮನೇಲಿ ಒಬ್ರು ಚಿಕ್ಕತ್ತೆ ಇದ್ರು. ಕಣ್ಣು ಹೋಯ್ತು ಅಂತ ನಾಲ್ಕು ದಿನ ತವರಲ್ಲಿ ಇದ್ದು ಬಾ ಅಂತ ಕಳಿಸಿದ್ರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಇನ್ನು ಮೂರು ವಾರಕ್ಕೆ ನಮ್ಮತ್ತೆ ಮಡಿಲು ತುಂಬೋಕೆ ಬರ್ತಾರೆ. ಅವತ್ತು ಗೊತ್ತಾದ್ರೆ ನಾನೂ ಇಲ್ಲೇ, ಮಗೂನೂ ಇಲ್ಲೇ." ಹೊಟ್ಟೆಯ ಮೇಲೆ ಕೈಯಿಟ್ಟು, "ಅದು ರಾತ್ರಿ ಅತ್ರೆ ಬಾಯಿ ಎಲ್ಲೈತೆ ಅಂತ ತಡಕಬೇಕಲ್ಲೋ," ಎಂದಳು.

ಇರುಳುಗಣ್ಣಿನ ಬಗ್ಗೆ ಪತ್ರಿಕೆಯಲ್ಲಿ ನಾನೇ ಓದಿದ್ದೆ. ಅದರಲ್ಲಿ ಅನುಮಾನವಿರಲಿಲ್ಲ. ಯಾವುದೋ ಜೀವಸತ್ವ ಕಮ್ಮಿಯಾದರೆ ಬರುತ್ತದೆ, ಯಾವುದನ್ನೋ ತಿಂದರೆ ಹೋಗುತ್ತದೆ. ಯಾವುದನ್ನು? ಮೀನೆಣ್ಣೆ ಎಂದಿತ್ತೆ, ಹಾಲು ಎಂದಿತ್ತೆ, ತರಕಾರಿ ಎಂದಿತ್ತೆ? ಕೊನೆಯಲ್ಲಿ ನಾನು ನಕ್ಕಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಅಂಗಡಿಯ ಹಳೆಯ ಪತ್ರಿಕೆಗಳನ್ನೆಲ್ಲ ಕೆದಕಿದೆ. ಆ ಹಾಳೆ ಪೊಟ್ಟಣವಾಗಿ ಹೋಗಿತ್ತು.

"ಯಾರಿಗೆ ಕಟ್ಟಿಕೊಟ್ರಿ?" ಎಂದು ಅಪ್ಪನನ್ನು ಕೇಳಿದೆ.

"ಯಾವ ಪೊಟ್ಟಣದಾಗೆ ಯಾವ ಸುದ್ದಿ ಹೋಯ್ತು ಅಂತ ನಾನು ಬರ್ಕೊಳ್ಳೋಕಾಯ್ತದಾ? ಆ ವಾರ ಹಳೇಕೋಟೆ ಗೌಡ್ರು ಒಣಮೆಣಸಿನಕಾಯಿ ತಗಂಡಿದ್ರು. ಹೋಗಿ ಕೇಳು."

ಸೈಕಲ್ ಹತ್ತಿದೆ. ಕಾರಣವನ್ನು ಗೌಡರಿಗೂ ಹೇಳುವಂತಿರಲಿಲ್ಲ. ಮೆಣಸಿನಕಾಯಿ ಕಟ್ಟಿದ್ದ ಕಾಗದ ಬೇಕೆಂದು ಬಿ.ಎಸ್ಸಿ. ಓದಿದವನೊಬ್ಬ ಸೈಕಲ್ಲಿನಲ್ಲಿ ಬಂದರೆ ಯಾರಿಗೆ ತಾನೆ ವಿಚಿತ್ರವೆನಿಸುವುದಿಲ್ಲ? ಗೌಡರ ಹೆಂಡತಿ ಕಣದಲ್ಲಿ ರಾಗಿ ಕೇರುತ್ತಿದ್ದವರು ಕೈ ನಿಲ್ಲಿಸಿ, "ಅದನ್ನ ಅವತ್ತೇ ಒಲೆಗೆ ಆಕ್ಬುಟ್ಟೆ ಕಣಪ್ಪ. ಒಳ್ಳೆ ಗಾಟು ಬಂತು," ಎಂದರು.

ಗೌಡರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. "ಯಾವ ಸುದ್ದಿ ಸಾ?"

"ಇರುಳುಗಣ್ಣಿನದು. ಸುಮ್ಮನೆ, ನೆನಪಾಗಲಿಲ್ಲ ಅಂತ."

"ಓ ಅದಾ. ಮೂರು ಮದ್ದು ಏಳಿದ್ರಿ. ಮೊದ್ಲು ಮೀನಿನ ಈಲಿ ಎಣ್ಣೆ ಅಂದ್ರಿ. ಆಮೇಲೆ ಆಲು ಬೆಣ್ಣೆ ಅಂದ್ರಿ. ಕೊನೆಗೆ ಅಸ್ರು ಸೊಪ್ಪು ಅಂದ್ರಿ. ಸೊಪ್ಪು ತಿಂದ್ರೆ ಕಣ್ಣು ಬರಂಗಿದ್ರೆ ಮೇಕೆಗೆ ಇರುಳೊತ್ತು ಚುಕ್ಕಿ ಲೆಕ್ಕ ಆಕಕ್ಕೆ ಬರ್ಬೇಕಿತ್ತು ಅಂದ್ರಿ. ಅಂದ್ಬುಟ್ಟು ನಕ್ರಿ. ನಾವೂ ನಕ್ಕೊ."

ಹಾಳೆ ಸುಟ್ಟುಹೋದರೂ ಸುದ್ದಿ ಗೌಡರಲ್ಲಿ ಅಕ್ಷರ ಬಿಡದೆ ಉಳಿದಿತ್ತು, ನನ್ನ ಕುಹಕದ ಸಮೇತ. ನನ್ನ ನೆನಪಿನ ಬಗ್ಗೆ ನನಗಿರುವ ಅಪನಂಬಿಕೆ ಶುರುವಾದದ್ದು ಅಂದೇ.

ಗೌಡರ ಹೆಂಡತಿ ಮೊರ ಕೆಳಗಿಟ್ಟರು. "ಇರುಳ್ಗಣ್ಣಿಗೆ ಪೇಪರ್ ಯಾಕಪ್ಪ? ಒನಗೊನ್ನೆ ಸೊಪ್ಪು ಅಲ್ವಾ ಆಕೋದು. ನಮ್ಮತ್ತೆ ಕಾಲದಿಂದ್ಲೂ ಅದೇ." ಎದ್ದು ಗದ್ದೆ ಬದುವಿಗೆ ಹೋಗಿ, ಮಡಿಲು ತುಂಬ ಸೊಪ್ಪು ಕುಯ್ದು ತಂದು, ನನ್ನ ಸೈಕಲ್ಲಿನ ಹಿಂದೆ ಕಟ್ಟುತ್ತ ಸಣ್ಣ ದನಿಯಲ್ಲಿ ಕೇಳಿದರು. "ಅಕ್ಕಂಗಾ?"

ನಾನು ಬಗ್ಗಿ ಸೈಕಲ್ಲಿನ ಚೈನು ನೋಡತೊಡಗಿದೆ.

"ನಿಮ್ಮವ್ವ ಬಸ್ರಿಗೆ ಸೊಪ್ಪು ಕೊಡಕಿಲ್ಲ. ಗೊತ್ತು. ಬಯಕೆ ಅಂತ ಏಳು ಅನ್ನು ಅಕ್ಕಂಗೆ. ಬಸ್ರಿ ಬಯಕೆಗೆ ಇಲ್ಲ ಅನ್ನೋರು ಯಾರವ್ರೆ?"

ಇಷ್ಟಾದರೂ ನಾನು ವಿಜ್ಞಾನ ಓದಿದವನು. ಬದುವಿನ ಸೊಪ್ಪಿನ ಮೇಲೆ ಅಕ್ಕನ ಕಣ್ಣನ್ನು ಬಿಡಲು ಮನಸ್ಸು ಒಪ್ಪಲಿಲ್ಲ. ಮಾರನೆಯ ಬೆಳಿಗ್ಗೆ ಹಾಸನಕ್ಕೆ ರೈಲು ಹತ್ತಿದೆ. ಅಲ್ಲಿನ ಡಾಕ್ಟರೊಬ್ಬರಿಗೆ ರೋಗ ನನಗೇ ಇದೆಯೆಂದು ಹೇಳಿದೆ. ಅವರು ನನ್ನ ರೆಪ್ಪೆ ಮಗುಚಿ, ದೀಪ ಹಿಡಿದು ನೋಡಿ, "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಆಗಿರೋದು ಯಾರಿಗೆ?" ಎಂದರು. ಬಸುರಿ ಎಂದ ಮೇಲೆ ತಲೆಯಾಡಿಸಿದರು. ಅವರು ಅಂಥವರನ್ನು ಬಹಳ ಕಂಡಿದ್ದರು. ಮೀನೆಣ್ಣೆಯ ಬಾಟಲಿ ಬರೆದುಕೊಟ್ಟು, "ದಿನಕ್ಕೆ ಒಂದೇ ಚಮಚ. ಜಾಸ್ತಿ ಕೊಡಬೇಡಿ. ಎಣ್ಣೆ ಬೇಗ ಕೆಲಸ ಮಾಡುತ್ತೆ. ಸೊಪ್ಪು ನಿಧಾನ, ಆದರೆ ಅದೂ ಆಗುತ್ತೆ," ಎಂದರು.

"ಎರಡರಲ್ಲಿ ಯಾವುದು ಖಾತ್ರಿ?"

"ಅವರು ಯಾವುದನ್ನ ನುಂಗ್ತಾರೋ ಅದು ಖಾತ್ರಿ," ಎಂದು ನಕ್ಕರು.

ಅದೇ ಪೇಚು. ನಮ್ಮದು ಲಿಂಗ ಕಟ್ಟಿದ ಮನೆ. ಮೀನಿನ ಗಾಡಿ ಬೀದಿಯಲ್ಲಿ ಹೋದರೆ ಅವ್ವ ಬಾಗಿಲು ಮುಂದಕ್ಕೆ ಮಾಡುತ್ತಿದ್ದಳು. ವಾಪಸು ಬರುವ ರೈಲಿನಲ್ಲಿ ಬಾಟಲಿಯ ಲೇಬಲ್ಲಿಗೆ ನೀರು ಹಚ್ಚಿ, ಉಗುರಿನಲ್ಲಿ ಕೆರೆದು ಕೆರೆದು, ಊರು ಬರುವುದರೊಳಗೆ ನುಣ್ಣಗೆ ಮಾಡಿದೆ. ಅಕ್ಕನ ಕೈಗೆ ಕೊಟ್ಟು, "ಕಣ್ಣಿನ ಎಣ್ಣೆ, ಒಳಗೆ ಕುಡಿಯೋದು," ಎಂದೆ. ಅವಳು ಬಿರಟೆ ತೆಗೆದು ಮೂಸಿದಳು. ನನ್ನನ್ನು ನೋಡಿದಳು. "ಇಡು," ಎಂದಳು. ಅಷ್ಟೆ.

ಬಯಕೆಯ ಉಪಾಯ ಮಾತ್ರ ತಕ್ಷಣ ನಡೆಯಿತು. ಅಕ್ಕ ಹೊನಗೊನ್ನೆ ಸೊಪ್ಪಿನ ಹೆಸರೆತ್ತಿದ ದಿನ ಅವ್ವ ಹಣೆ ಚಚ್ಚಿಕೊಂಡಳು. "ಊರೋರ ಮಕ್ಕಳಿಗೆ ಹೋಳಿಗೆ ಬಯಕೆ, ಮಾವಿನಕಾಯಿ ಬಯಕೆ. ಇವಳಿಗೆ ಬದುವಿನ ಸೊಪ್ಪು." ಬಯ್ಯುತ್ತಲೇ ಬಸ್ಸಾರು ಮಾಡಿದಳು, ಪಲ್ಯ ಮಾಡಿದಳು. ಬಯಕೆ ತೀರಿಸದಿದ್ದರೆ ಮಗುವಿಗೆ ಕಿವಿ ಸೋರುತ್ತದೆಂಬ ಭಯ ಅವಳ ಪಥ್ಯಕ್ಕಿಂತ ದೊಡ್ಡದು. ಗೌಡರು ಪೇಟೆಗೆ ಬಂದಾಗಲೆಲ್ಲ ಒಂದು ಕಂತೆ ಸೊಪ್ಪು ತಂದು ಜಗಲಿಯ ಮೇಲೆ ಒಗೆದು, ಏನೂ ಹೇಳದೆ, ಪತ್ರಿಕೆಗೆ ಕಿವಿ ಕೊಡುತ್ತಿದ್ದರು.

ಅಕ್ಕ ದಿನಾ ಬೆಳಿಗ್ಗೆ ಮುಖ ಹಿಂಡಿಕೊಂಡು ಎಣ್ಣೆ ಕುಡಿದು, ಮೇಲೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಕ್ಕನನ್ನು ಕೇಳಿದರೆ, "ಅದು ನೀನು ಚಿಕ್ಕವನಿದ್ದಾಗ ಹರಳೆಣ್ಣೆ ಕುಡೀತಿದ್ದ ಮುಖ. ನಾನು ಅದನ್ನ ಮುಟ್ಟಲೇ ಇಲ್ಲ. ದಿನಾ ಒಂದು ಚಮಚ ಕರಿಬೇವಿನ ಬುಡಕ್ಕೆ ಹಾಕ್ತಿದ್ದೆ, ನಿನಗೆ ಸಮಾಧಾನ ಆಗ್ಲಿ ಅಂತ," ಎನ್ನುತ್ತಾಳೆ. ಆ ವರ್ಷ ಕರಿಬೇವಿನ ಗಿಡ ಸೊಂಪಾಗಿ ಬಂದಿತ್ತೆ? ಅದನ್ನು ಗಮನಿಸಿದವರಿಲ್ಲ.

ಹದಿನೈದು ದಿನ ಕಳೆದಿರಬೇಕು. ಮುಸ್ಸಂಜೆ ಹಿತ್ತಲಲ್ಲಿ ಮತ್ತೆ ಬೆರಳು ಹಿಡಿದೆ.

"ಎರಡು," ಎಂದಳು. "ಉಗುರು ಕತ್ತರಿಸ್ಕೋ. ಮಣ್ಣು ಕೂತಿದೆ."

ಮಡಿಲು ತುಂಬುವ ದಿನ ಅಕ್ಕನ ಅತ್ತೆ ಮಧ್ಯಾಹ್ನದ ಬಸ್ಸಿನಲ್ಲಿ ಚನ್ನರಾಯಪಟ್ಟಣದಿಂದ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ಬಂದವರೇ ಅವ್ವನಿಗೆ, "ಹೊತ್ತು ಇಳಿಯೋದ್ರೊಳಗೆ ಶಾಸ್ತ್ರ ಮುಗಿಸ್ಬಿಡಿ. ದೀಪ ಹಚ್ಚಿದ ಮೇಲೆ ಮಡಿಲು ತುಂಬೋ ಪದ್ಧತಿ ನಮ್ಮಲ್ಲಿಲ್ಲ," ಎಂದರು. ಅವ್ವ ಹೂಂ ಎಂದಳಾದರೂ, ಒಳಗೆ ಬಂದು, "ಇವರ ಮನೇಲಿ ಮದುವೆ ಆರತಿಯೆಲ್ಲ ಗ್ಯಾಸ್‌ಲೈಟಲ್ಲೇ ಆಗಿತ್ತಲ್ಲ, ಈ ಪದ್ಧತಿ ಯಾವಾಗ ಬಂತು?" ಎಂದು ಗೊಣಗಿದಳು.

ಆದರೆ ಶಾಸ್ತ್ರ ಮಾಡಿಸುವ ಅಯ್ಯನವರು ಇನ್ನೊಂದು ಮನೆಯ ಪೂಜೆ ಮುಗಿಸಿ ಬರುವುದು ತಡವಾಯಿತು. ಅವರು ಬಂದು ಕೂತಾಗ ನಡುಮನೆಯಲ್ಲಿ ಎರಡು ದೀಪ ಹಚ್ಚಾಗಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಒಳಮನೆಯಿಂದ ಹೊಸಲು ದಾಟಿ, ಹಾಸಿದ ಕಂಬಳಿ ತುಳಿಯದೆ ಸುತ್ತಿ ಬಂದು, ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು.

ಅತ್ತೆ ಎದ್ದು ಬಂದರು. ಕೈಯಲ್ಲಿ ಕೊಬ್ಬರಿ ಗಿಟುಕು, ಅಕ್ಕಿ, ಎಲೆ ಅಡಿಕೆ, ಬಳೆ ಇದ್ದ ತಟ್ಟೆ. ಮೊದಲು ಗಿಟುಕು ತೆಗೆದು ಮಡಿಲಿಗೆ ಹಾಕಲು ಕೈ ಚಾಚಿದರು. ಕೈ ಚಾಚಿದ್ದು ಅಕ್ಕನ ಮಡಿಲಿನಿಂದ ಒಂದು ಗೇಣು ಆಚೆಗೆ, ಬರಿಯ ಗಾಳಿಗೆ. ಅಪ್ಪನ ಲೋಟದ ಪಕ್ಕ ನೀರು ಬಿದ್ದಿತ್ತಲ್ಲ, ಹಾಗೆ.

ಅಕ್ಕ ತಲೆ ಎತ್ತಿ ಅವರ ಮುಖ ನೋಡಿದಳು. ಏನೂ ಆಗದವಳಂತೆ ಕೂತಲ್ಲೇ ಸರಿದು ಸೆರಗನ್ನು ಆ ಕೈಯ ಕೆಳಕ್ಕೆ ತಂದಳು. ಗಿಟುಕು ಮಡಿಲಿಗೆ ಬಿತ್ತು. ಅಕ್ಕಿ ಬಿತ್ತು. ಬಳೆ ಬಿದ್ದವು. ಅತ್ತೆಯ ಕೈ ಹೋದ ಕಡೆ ಅಕ್ಕನ ಸೆರಗು ಹೋಯಿತು. ಶಾಸ್ತ್ರ ಮುಗಿಯಿತು.

ಇದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ ಎಂದೇ ಈವರೆಗೆ ಹೇಳಿಕೊಂಡು ಬಂದಿದ್ದೇನೆ. ಅಕ್ಕ ಒಪ್ಪುವುದಿಲ್ಲ. "ನೀನೆಲ್ಲಿ ಕಂಡೆ? ಅಯ್ಯನವರಿಗೆ ಹಾಲು ತರೋಕೆ ಹೋಗಿದ್ದೆ. ನಾನು ಹೇಳಿದ್ದು ಕೇಳಿ ಕಂಡೆ ಅನ್ಕೊಂಡಿದೀಯ." ಇರಬಹುದು. ಆಮೇಲಿನ ಮಾತನ್ನು ಮಾತ್ರ ನನ್ನ ಕಿವಿಯಾರೆ ಕೇಳಿದ್ದೇನೆ. ಅತ್ತೆ ಒಳಗೆ ಹೋಗಲು ಎದ್ದು, ಕಾಲ ಹೆಬ್ಬೆರಳಿನಿಂದ ಹೊಸಲನ್ನು ಹುಡುಕುತ್ತಿದ್ದಾಗ ಅಕ್ಕ ಹೋಗಿ ಕೈ ಹಿಡಿದು, "ಬನ್ನಿ ಅತ್ತೆ, ನಮ್ಮನೆ ಹೊಸಲು ಸ್ವಲ್ಪ ಎತ್ತರ," ಎಂದಳು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ.

ಒಂದೇ ಮನೆಯ ಕೊನೆಯ ಪಂಕ್ತಿಯಲ್ಲಿ ಒಂದೇ ಅನ್ನ ಉಂಡವರು ಇಬ್ಬರೂ. ಇರುಳುಗಣ್ಣನ್ನು ಅಕ್ಕ ಅತ್ತೆಗೆ ಹೆದರಿ ಮುಚ್ಚಿಟ್ಟಿದ್ದಳು. ಅತ್ತೆ ಸೊಸೆಯಂದಿರಿಗೆ ಹೆದರಿ. ನಾನು ಇಲಿಗಳ ಲೆಕ್ಕ ಕೇಳುತ್ತ ಕೂತಿದ್ದೆ.

ಮಾರನೆಯ ದಿನ ಅಡಿಗೆಮನೆಯಲ್ಲಿ ಅಕ್ಕ, "ನಂದೊಂದು ಬಯಕೆ ಇದೆ ಅತ್ತೆ," ಎಂದಳಂತೆ.

"ಏನವ್ವ?"

"ನೀವು ನಾಲ್ಕು ದಿನ ಇಲ್ಲೇ ಇದ್ದು, ನನ್ನ ಪಕ್ಕ ಕೂತು ಈ ಸೊಪ್ಪಿನ ಪಲ್ಯ ತಿನ್ಬೇಕು."

ದೊಡ್ಡ ಮನೆಯ ಹೆಂಗಸು ಬದುವಿನ ಸೊಪ್ಪು ತಿನ್ನುವುದೆಂದರೇನು? ಆದರೆ ಬಸುರಿಯ ಬಯಕೆ. ತಿಂದರು. ನಾಲ್ಕು ದಿನ ಎಂಟು ದಿನವಾಯಿತು. ಹೊರಡುವಾಗ ಅವರ ಗಂಟಿನಲ್ಲಿ ಒಂದು ಕಂತೆ ಹೊನಗೊನ್ನೆ ಬಳ್ಳಿ, ತೆಂಗಿನ ಬುಡದಲ್ಲಿ ನಾಟಿ ಹಾಕಲು. ಜೊತೆಗೆ ಲೇಬಲ್ಲಿಲ್ಲದ ಆ ಬಾಟಲಿ, ಮುಕ್ಕಾಲು ಪಾಲು ಎಣ್ಣೆ ಇದ್ದದ್ದು. ಅಕ್ಕ ಅದನ್ನು ಯಾವ ಮಾತು ಹೇಳಿ ಕೊಟ್ಟಳೆಂದು ನನಗೆ ಗೊತ್ತಿಲ್ಲ. ಕೇಳಿದರೆ, "ಇದು ಬೇಗ, ಅದು ನಿಧಾನ, ನೋಡ್ಕೊಳಿ ಅಂದೆ," ಎನ್ನುತ್ತಾಳೆ. ಮೀನಿನದೆಂದು ಹೇಳಿದೆಯಾ ಎಂದರೆ ನಗುತ್ತಾಳೆ.

ಚಿಕ್ಕತ್ತೆಯನ್ನು ಆ ವರ್ಷವೇ ಚನ್ನರಾಯಪಟ್ಟಣಕ್ಕೆ ಕರೆಸಿಕೊಂಡರು. ಅವರ ಕಣ್ಣಿನದು ಬೇರೆ ಕಾಯಿಲೆ, ಸೊಪ್ಪಿಗೆ ಜಗ್ಗುವಂಥದ್ದಲ್ಲ. ಆದರೂ ಕರೆಸಿಕೊಂಡರು.

ಈಗ ನಾನು ಅರಕಲಗೂಡಿನಲ್ಲಿ ಮೇಷ್ಟರು. ಪತ್ರಿಕೆ ಇಲ್ಲಿಗೆ ಬಸ್ಸಿನಲ್ಲಿ ಬರುತ್ತದೆ, ಒಂದು ದಿನ ಹಳೆಯದಾಗಿ. ಪೆನಿಸಿಲಿನ್ ಬಂದಿದೆ, ಡಿ.ಡಿ.ಟಿ. ಬಂದಿದೆ, ಇನ್ನು ಸೊಳ್ಳೆಯ ಕತೆ ಮುಗಿಯಿತೆಂದು ಬರೆದಿದ್ದಾರೆ. ಮುಗಿದರೆ ಸಂತೋಷವೇ. ಈಗಲೂ ಅನುಮಾನಿಸುತ್ತೇನೆ; ನಗುವುದಕ್ಕೆ ಮೊದಲು ಮಾತ್ರ ಮನೆಯಲ್ಲಿ ಯಾರಾದರೂ ಗೋಡೆಗೆ ಒರಗಿ ಕೂತಿದ್ದಾರೆಯೇ ಎಂದು ಒಮ್ಮೆ ನೋಡುತ್ತೇನೆ. ಓದಿದ ಹಾಳೆಗಳನ್ನು ಹೊಲಿದು ಇಡುತ್ತೇನೆ, ಪೊಟ್ಟಣಕ್ಕೆ ಕೊಡುವುದಿಲ್ಲ. ನನ್ನ ಹೆಂಡತಿಗೆ ಇದರಿಂದ ಬಹಳ ತೊಂದರೆಯಾಗಿದೆ.

ಆ ಬಸುರಿನಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲ ಶಾಸ್ತ್ರಕ್ಕೆ ಅತ್ತೆ ಮತ್ತೆ ಬಂದರು. ಈ ಸಲ ಹೊತ್ತಿನ ಮಾತೆತ್ತಲಿಲ್ಲ. ದೀಪ ಹಚ್ಚಿದ ಮೇಲೆ ಕೂತು ಮೊಮ್ಮಗಳ ತೊಟ್ಟಿಲಿಗೆ ಮಲ್ಲಿಗೆ ಪೋಣಿಸಿದರು. ಗಂಟಿನಿಂದ ಬಾಟಲಿ ತೆಗೆದು ಅವ್ವನ ಕೈಗಿಟ್ಟರು. ಕೊಟ್ಟ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯ ಮರ್ಯಾದೆ. ಅದರ ತುಂಬ ಅವರ ತೋಟದ ಕೊಬ್ಬರಿ ಎಣ್ಣೆ.

ಮೀನೆಣ್ಣೆ ಕುಡಿದರೋ ಚೆಲ್ಲಿದರೋ ತಿಳಿಯದು; ಹೀಗಾಗಿ ಅತ್ತೆಯ ಕಣ್ಣನ್ನು ತಂದುಕೊಟ್ಟದ್ದು ಎಣ್ಣೆಯೋ ಸೊಪ್ಪೋ ಎಂಬುದಕ್ಕೆ ನನ್ನಲ್ಲಿ ಪುರಾವೆ ಇಲ್ಲ. ಬಾಟಲಿಯನ್ನು ಹಿತ್ತಲಿಗೆ ಒಯ್ದು ಬಿರಟೆ ತೆಗೆದು ಮೂಸಿದೆ. ಕೊಬ್ಬರಿಯ ಘಮದ ಅಡಿಯಲ್ಲಿ ಇನ್ನೇನೋ ಇದ್ದಂತೆ ಅನ್ನಿಸಿತು, ಇಲ್ಲವೆಂದೂ ಅನ್ನಿಸಿತು. ಅಷ್ಟರಲ್ಲಿ ಅವ್ವ ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಮಗುವಿನ ನೆತ್ತಿಗೆ ಹಚ್ಚಲು ಒಳಗೆ ಹೋದಳು.